ರೋಗ ಹರಡುವ ಲೆಕ್ಕವನ್ನು ಸ್ಪ್ರೆಡ್‌ಶೀಟ್‌ನಲ್ಲಿ ಕಟ್ಟುವುದು ಹೇಗೆ? ಹಾಸ್ಟೆಲ್ ಜ್ವರ, ಕುರಿ ರೊಪ್ಪ, ಭತ್ತದ ಗದ್ದೆ ಮೂರಕ್ಕೂ ಒಂದು ಸಮಗ್ರ ಮಾರ್ಗದರ್ಶಿ

ರೋಗ ಹರಡುವ ಮಾದರಿ ಕಟ್ಟಲು ಹೊರಟವರು ಬಹಳ ಮಂದಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲು ಎಲ್ಲಿಂದಲೋ ಕೇಸುಗಳ ಪಟ್ಟಿ ತರುತ್ತಾರೆ. ಅದಕ್ಕೊಂದು ಗ್ರಾಫ್ ಹಾಕುತ್ತಾರೆ. ಆಮೇಲೆ ಅಂಕಿಗಳನ್ನು ಹಿಂದೆ ಮುಂದೆ ಮಾಡಿ, ಮಾದರಿಯ ಗೆರೆ ಗ್ರಾಫಿನ ಮೇಲೆ ಕೂರುವ ತನಕ ಬಿಡುವುದಿಲ್ಲ. ಗೆರೆ ಕೂತರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಮುಂದಿನ ವಾರದ ಕೇಸು ಬಂದಾಗ ಗೆರೆ ಒಂದು ಕಡೆ, ಊರು ಇನ್ನೊಂದು ಕಡೆ.

ಇದಕ್ಕೆ ಗಣಿತದ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಇಲ್ಲಿ ಬೇಕಿರುವುದು ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಅಷ್ಟೇ. ಬೆಳೆಯ ಲೆಕ್ಕಕ್ಕೆ ಮಾತ್ರ ಲಾಗ್ ಬೇಕಾಗುತ್ತದೆ. ಕೆಡುವುದು ಹಂತಗಳ ಕ್ರಮದಲ್ಲಿ. ಖಾಲಿ ಶೀಟ್ ಕೆಲವು ಪರೀಕ್ಷೆ ಪಾಸಾಗುವವರೆಗೆ ನಿಜವಾದ ಕೇಸುಗಳನ್ನು ಮುಟ್ಟಲೇಬಾರದು. ಕೆಳಗಿನ ಕ್ರಮ ಪೂರ್ತಿ ಇದೇ ನಿಯಮದ ಮೇಲೆ ನಿಂತಿದೆ. ಮಧ್ಯದ ಹಂತ ಹಾರಿಸಿ ಆರನೇ ಹಂತಕ್ಕೆ ಹೋಗಬೇಡಿ.

ಏನೇನು ಬೇಕು?

ಒಂದು ಕಂಪ್ಯೂಟರ್. ಅದರಲ್ಲಿ ಎಕ್ಸೆಲ್, ಗೂಗಲ್ ಶೀಟ್ಸ್ ಅಥವಾ ಉಚಿತವಾಗಿ ಸಿಗುವ ಲಿಬ್ರೆ ಆಫೀಸ್, ಯಾವುದಾದರೂ ಸರಿ. ಎರಡು ಹಾಳೆ, ಒಂದು ಪೆನ್ಸಿಲ್, ಒಂದು ಕ್ಯಾಲ್ಕುಲೇಟರ್. ಆರ್ ಅಥವಾ ಪೈಥಾನ್ ಎನ್ನುವ ಪ್ರೋಗ್ರಾಮಿಂಗ್ ಭಾಷೆ ಗೊತ್ತಿದ್ದರೂ ಮೊದಲ ಸಲ ಸ್ಪ್ರೆಡ್‌ಶೀಟ್‌ನಲ್ಲೇ ಮಾಡಿ. ಪ್ರತಿ ದಿನದ ಲೆಕ್ಕ ಕಣ್ಣೆದುರು ಇರುತ್ತದೆ, ತಪ್ಪು ಎಲ್ಲಿ ಹುಟ್ಟಿತು ಅಂತ ಕಾಣುತ್ತದೆ. ಮೊಬೈಲ್‌ನಲ್ಲಿ ಮಾಡಲು ಹೋಗಬೇಡಿ. ನೂರು ಸಾಲು ಎಳೆಯುವಷ್ಟರಲ್ಲಿ ತಲೆ ಕೆಡುತ್ತದೆ.

ಹಂತ 1: ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ

"ದಾವಣಗೆರೆಯಲ್ಲಿ ಜ್ವರ ಹೇಗೆ ಹರಡುತ್ತದೆ?" ಎನ್ನುವುದಕ್ಕೆ ಶೀಟ್ ಉತ್ತರ ಕೊಡಲಾರದು. 2011ರ ಜನಗಣತಿಯಲ್ಲೇ ನಗರದಲ್ಲಿ ಸುಮಾರು 4.35 ಲಕ್ಷ ಜನ ಇದ್ದರು. ಇಷ್ಟೂ ಜನ ಒಬ್ಬರಿಗೊಬ್ಬರು ಸಮನಾಗಿ ಎದುರಾಗುವುದಿಲ್ಲ. ಆದರೆ ಸರಳ ಮಾದರಿ ಎದುರಾಗುತ್ತಾರೆ ಎಂದೇ ನಂಬುತ್ತದೆ.

ಹೀಗೆ ಕೇಳಿ: "400 ವಿದ್ಯಾರ್ಥಿಗಳ ಪಿಯು ಹಾಸ್ಟೆಲ್‌ನಲ್ಲಿ ಒಬ್ಬರಿಗೆ ಫ್ಲೂ ಬಂದರೆ, ಒಂದೇ ದಿನ ಗರಿಷ್ಠ ಎಷ್ಟು ಜನ ಸೋಂಕಿತರು ಇರುತ್ತಾರೆ? ಬೇರೆ ಇರಿಸಲು ಎಷ್ಟು ಮಂಚ ಬೇಕು?" ಇದರಲ್ಲಿ ಗುಂಪು ಇದೆ, ರೋಗ ಇದೆ, ಅಳೆಯಬಹುದಾದ ಉತ್ತರವೂ ಇದೆ. ಒಂದೇ ಊಟದ ಹಾಲ್, ಒಂದೇ ಸ್ಟಡಿ ಹಾಲ್ ಇರುವುದರಿಂದ ಎಲ್ಲರೂ ಬೆರೆಯುತ್ತಾರೆ ಎನ್ನುವ ಊಹೆಯೂ ಹೆಚ್ಚು ಕಡಿಮೆ ನಿಲ್ಲುತ್ತದೆ.

ಲೆಕ್ಕದ ಘಟಕ ಯಾವುದು ಅಂತಲೂ ಇಲ್ಲೇ ತೀರ್ಮಾನಿಸಿ. ಮನುಷ್ಯರಲ್ಲಿ ಇದು ಸುಲಭ. ಕುರಿಯಲ್ಲಿ ಒಂದು ಕುರಿಯೋ, ಒಂದು ಮಂದೆಯೋ? ಅಡಿಕೆಯಲ್ಲಿ ಮರವೋ, ಗೊನೆಯೋ, ಕಾಯಿಯೋ? ಇದನ್ನು ಮಧ್ಯದಲ್ಲಿ ಬದಲಿಸಿದರೆ ಹಿಂದಿನ ಅಂಕಿ ಒಂದೂ ಉಪಯೋಗಕ್ಕೆ ಬರುವುದಿಲ್ಲ.

ಹಂತ 2: ಪೆಟ್ಟಿಗೆ ಮತ್ತು ಬಾಣಗಳನ್ನು ಹಾಳೆಯ ಮೇಲೆ ಬರೆಯಿರಿ

ಮೂರು ಪೆಟ್ಟಿಗೆ. ಎಸ್ ಅಂದರೆ ಇನ್ನೂ ಸೋಂಕು ತಗುಲದವರು. ಐ ಅಂದರೆ ಈಗ ಬೇರೆಯವರಿಗೆ ಹರಡುತ್ತಿರುವವರು. ಆರ್ ಅಂದರೆ ಹರಡುವುದು ಮುಗಿದವರು. ಎಸ್‌ನಿಂದ ಐಗೆ ಒಂದು ಬಾಣ, ಐನಿಂದ ಆರ್‌ಗೆ ಇನ್ನೊಂದು. ಫ್ಲೂಗೆ ಶುರುವಿನಲ್ಲಿ ಇಷ್ಟು ಸಾಕು.

ಎಲ್ಲ ರೋಗಕ್ಕೂ ಇದೇ ಚಿತ್ರ ಎಳೆಯುವುದು ದೊಡ್ಡ ತಪ್ಪು. ಚಿಕನ್‌ಪಾಕ್ಸ್, ಅಂದರೆ ನಮ್ಮ ಕಡೆ ಅಮ್ಮ ಎನ್ನುವುದು, ಸೋಂಕು ತಗುಲಿ 10ರಿಂದ 21 ದಿನ ಆದಮೇಲೆ ಕಾಣಿಸುತ್ತದೆ. ಅದಕ್ಕೆ ಎಸ್ ಮತ್ತು ಐ ನಡುವೆ "ಸೋಂಕು ಇದೆ, ಇನ್ನೂ ಹರಡುತ್ತಿಲ್ಲ" ಎನ್ನುವ ನಾಲ್ಕನೇ ಪೆಟ್ಟಿಗೆ ಬೇಕೇ ಬೇಕು. ಇಲ್ಲದಿದ್ದರೆ ಮಾದರಿಯ ಹಾಸ್ಟೆಲ್ ಒಂದು ವಾರದಲ್ಲಿ ತುಂಬುತ್ತದೆ, ನಿಜವಾದ ಹಾಸ್ಟೆಲ್‌ನಲ್ಲಿ ಎರಡನೇ ಕೇಸೇ ಬಂದಿರುವುದಿಲ್ಲ. ಒಂದು ಸೂಕ್ಷ್ಮ: ಗುಳ್ಳೆ ಏಳುವ ಒಂದೆರಡು ದಿನ ಮುಂಚೆಯೇ ಇದು ಹರಡುತ್ತದೆ. ಹಾಗಾಗಿ ನಾಲ್ಕನೇ ಪೆಟ್ಟಿಗೆಯ ಅವಧಿ, ಗುಳ್ಳೆ ಕಾಣಲು ಬೇಕಾಗುವ ಅವಧಿಗಿಂತ ಅಷ್ಟು ಕಡಿಮೆ.

ಡೆಂಗಿಗೆ ಸೊಳ್ಳೆಗಳ ಪೆಟ್ಟಿಗೆಯೇ ಬೇರೆ ಬೇಕು. ರೋಗಿಯನ್ನು ಕಚ್ಚಿದ ಈಡಿಸ್ ಸೊಳ್ಳೆ ಕೂಡಲೇ ಹರಡಲು ಆಗುವುದಿಲ್ಲ. ವೈರಸ್ ಅದರೊಳಗೆ ಬಲಿಯಲು ಸುಮಾರು 8ರಿಂದ 12 ದಿನ ಬೇಕು. ಅಷ್ಟು ದಿನ ಸೊಳ್ಳೆ ಬದುಕಿರಬೇಕು. ದಿನಕ್ಕೆ 90% ಬದುಕುವ ಸೊಳ್ಳೆಗಳಲ್ಲಿ ಹತ್ತು ದಿನ ದಾಟುವುದು ಸುಮಾರು 35%. ದಿನದ ಬದುಕು 80%ಗೆ ಇಳಿದರೆ ದಾಟುವುದು ಸುಮಾರು 11% ಮಾತ್ರ. ಈ ಗುಣಾಕಾರ ಮೂರು ಪೆಟ್ಟಿಗೆಯ ಮಾದರಿಯಲ್ಲಿ ಎಲ್ಲೂ ಇಲ್ಲ, ಅಲ್ವಾ? ನಲ್ಲಿ ನೀರು ದಿನಾ ಬಾರದ ಬಡಾವಣೆಗಳಲ್ಲಿ ಡ್ರಮ್ಮು, ತೊಟ್ಟಿ ತುಂಬಿಟ್ಟುಕೊಳ್ಳುತ್ತಾರೆ. ಇವತ್ತು ಅವನ್ನೆಲ್ಲ ಖಾಲಿ ಮಾಡಿಸಿದರೂ ಈಗಾಗಲೇ ಹಾರುತ್ತಿರುವ ಸೊಳ್ಳೆ, ಈಗಾಗಲೇ ಸೋಂಕು ತಗುಲಿದ ಜನ ಹಾಗೇ ಇರುತ್ತಾರೆ. ಕೇಸು ಇಳಿಯಲು ವಾರಗಳು ಹಿಡಿಯುತ್ತವೆ. ನಿಮ್ಮ ಮಾದರಿ ಮರುದಿನವೇ ಇಳಿತ ತೋರಿಸಿದರೆ ಪೆಟ್ಟಿಗೆ ಕಡಿಮೆ ಇದೆ ಅಂತ ತಿಳಿಯಿರಿ.

ಹಂತ 3: ದರಗಳಿಗೆ ಬೆಲೆ ಕೊಡಿ, ಘಟಕ ಬಿಡಬೇಡಿ

ಎರಡು ಅಂಕಿ ಸಾಕು. ಗಾಮಾ ಅಂದರೆ ಐ ಪೆಟ್ಟಿಗೆಯಿಂದ ಹೊರಹೋಗುವ ದರ. ಒಬ್ಬರು ಸರಾಸರಿ 4 ದಿನ ಹರಡುತ್ತಾರೆ ಎಂದಿಟ್ಟುಕೊಂಡರೆ ಗಾಮಾ = 1 ÷ 4 = ದಿನಕ್ಕೆ 0.25. ಬೀಟಾ ಅಂದರೆ ಒಬ್ಬ ಸೋಂಕಿತರಿಂದ, ಎಲ್ಲರೂ ಎಸ್ ಆಗಿರುವ ಗುಂಪಿನಲ್ಲಿ, ದಿನಕ್ಕೆ ಎಷ್ಟು ಜನರಿಗೆ ತಗುಲುತ್ತದೆ ಎನ್ನುವುದು. ಉದಾಹರಣೆಗೆ 0.5 ತೆಗೆದುಕೊಳ್ಳೋಣ. ಬೀಟಾವನ್ನು ಗಾಮಾದಿಂದ ಭಾಗಿಸಿದರೆ 2. ಇದೇ ಎಲ್ಲರೂ ಹೇಳುವ ಆರ್-ನಾಟ್: ಒಬ್ಬರಿಂದ ಒಟ್ಟು ಇಬ್ಬರಿಗೆ.

ಆರ್-ನಾಟ್‌ಗೂ ಆರ್ ಪೆಟ್ಟಿಗೆಗೂ ಸಂಬಂಧ ಇಲ್ಲ. ಶೀಟ್‌ನಲ್ಲಿ ಎರಡಕ್ಕೂ ಒಂದೇ ಅಕ್ಷರ ಕೊಟ್ಟು ಕೆಟ್ಟವರು ಸಾಕಷ್ಟಿದ್ದಾರೆ. ಪೆಟ್ಟಿಗೆಗೆ "ಮುಗಿದವರು" ಅಂತ ಹೆಸರಿಟ್ಟರೆ ಗೊಂದಲವೇ ಇಲ್ಲ.

ಘಟಕದ ತಪ್ಪು ಎಲ್ಲಕ್ಕಿಂತ ಜಾಸ್ತಿ. ರೋಗ ಕಣ್ಗಾವಲಿನ ವರದಿ ಸಾಮಾನ್ಯವಾಗಿ ವಾರದ ಲೆಕ್ಕದಲ್ಲಿ ಸಿಗುತ್ತದೆ. ಅದನ್ನು ನೋಡಿ ಶೀಟ್‌ನ ಪ್ರತಿ ಸಾಲನ್ನೂ ಒಂದು ವಾರ ಮಾಡುತ್ತಾರೆ. ಆಗ ಗಾಮಾ 0.25 × 7 = 1.75 ಆಗುತ್ತದೆ. ಅಂದರೆ ಐನಲ್ಲಿ 10 ಜನ ಇದ್ದರೆ ಮುಂದಿನ ಸಾಲಿನಲ್ಲಿ 17.5 ಜನ ಗುಣವಾಗಿ ಹೊರಹೋಗಬೇಕು! ಹೊಸ ಸೋಂಕು ಕಡಿಮೆಯಾದ ಕೂಡಲೇ ಐ ಸೊನ್ನೆಗಿಂತ ಕೆಳಗಿಳಿಯುತ್ತದೆ. ಗಾಮಾವನ್ನು 0.25 ಆಗಿಯೇ ಬಿಟ್ಟು ಸಾಲನ್ನು ವಾರ ಮಾಡಿದರೆ ಇನ್ನೂ ಅಪಾಯ. ಅಂಕಿ ಚೆನ್ನಾಗಿಯೇ ಕಾಣುತ್ತದೆ, ಆದರೆ 4 ದಿನದ ಜ್ವರ 4 ವಾರ ಆಗಿರುತ್ತದೆ. ಒಂದು ಸಾಲು ಯಾವತ್ತೂ ಒಂದು ದಿನಕ್ಕಿಂತ ದೊಡ್ಡದಾಗುವುದು ಬೇಡ. ವಾರದ ಮೊತ್ತ ಬೇಕಾದರೆ ಕೊನೆಗೆ ಏಳೇಳು ದಿನದ ಸಾಲು ಕೂಡಿಸಿ.

ಹಂತ 4: ಶೀಟ್ ಕಟ್ಟಿ

ಮೇಲೆ ನಾಲ್ಕು ಕೋಣೆಯಲ್ಲಿ (ಸೆಲ್) ಎನ್ (ಗುಂಪಿನ ಒಟ್ಟು ಸಂಖ್ಯೆ) = 400, ಬೀಟಾ = 0.5, ಗಾಮಾ = 0.25, ಹೆಜ್ಜೆ (ಒಂದು ಸಾಲಿಗೆ ಎಷ್ಟು ದಿನ) = 1 ಎಂದು ಹಾಕಿ. ಅಂಕಿಗಳನ್ನು ಸೂತ್ರದೊಳಗೆ ನೇರವಾಗಿ ಟೈಪ್ ಮಾಡಬೇಡಿ. ಸೂತ್ರ ಈ ಕೋಣೆಗಳಿಂದಲೇ ಓದಬೇಕು. ಸೂತ್ರ ಕೆಳಗೆ ಎಳೆಯುವಾಗ ಈ ಕೋಣೆಗಳ ವಿಳಾಸ ಜಾರದಂತೆ ಡಾಲರ್ ಗುರುತು ಹಾಕುವುದನ್ನು ಮರೆಯಬೇಡಿ.

ಕೆಳಗೆ ಆರು ಕಾಲಂ: ದಿನ, ಎಸ್, ಐ, ಮುಗಿದವರು, ಹೊಸ ಸೋಂಕು, ಹೊಸದಾಗಿ ಗುಣವಾದವರು. ಕೊನೆಯ ಎರಡು ಕಾಲಂ ಬಿಟ್ಟುಬಿಡಬೇಡಿ. ಆರನೇ ಹಂತದಲ್ಲಿ ಹೊಸ ಸೋಂಕಿನ ಕಾಲಂ ಬೇಕೇ ಬೇಕು.

ಹೊಸ ಸೋಂಕು = ಬೀಟಾ × ಎಸ್ × ಐ ÷ ಎನ್ × ಹೆಜ್ಜೆ
ಹೊಸದಾಗಿ ಗುಣವಾದವರು = ಗಾಮಾ × ಐ × ಹೆಜ್ಜೆ
ಮುಂದಿನ ಎಸ್ = ಈಗಿನ ಎಸ್ − ಹೊಸ ಸೋಂಕು
ಮುಂದಿನ ಐ = ಈಗಿನ ಐ + ಹೊಸ ಸೋಂಕು − ಹೊಸದಾಗಿ ಗುಣವಾದವರು
ಮುಂದಿನ ಮುಗಿದವರು = ಈಗಿನ ಮುಗಿದವರು + ಹೊಸದಾಗಿ ಗುಣವಾದವರು

ದಿನ 0ರಲ್ಲಿ ಎಸ್ 399, ಐ 1, ಮುಗಿದವರು 0. ಈಗ ಮೊದಲ ಎರಡು ಸಾಲನ್ನು ಕ್ಯಾಲ್ಕುಲೇಟರ್‌ನಲ್ಲಿ ಮಾಡಿ ನೋಡಿ. ದಿನ 1ರ ಐ 1.249 ಬರಬೇಕು, ದಿನ 2ರದ್ದು 1.559. ಬಂದಿಲ್ಲ ಅಂದರೆ ನಿಲ್ಲಿಸಿ, ಸೂತ್ರ ನೋಡಿ. ಬಂದರೆ 120 ದಿನದವರೆಗೆ ಎಳೆಯಿರಿ. ಐ 60ಕ್ಕಿಂತ ಸ್ವಲ್ಪ ಮೇಲೆ ಹೋಗಿ ಇಳಿಯುತ್ತದೆ. ಕೊನೆಗೆ ಸೋಂಕು ತಗುಲಿದವರು ಒಟ್ಟು 320ರ ಆಸುಪಾಸು. ಎಲ್ಲ 400 ಜನರಿಗೂ ಬರಲಿಲ್ಲ, ಗಮನಿಸಿ. ಆರ್-ನಾಟ್ 2 ಇದ್ದಾಗ ಸುಮಾರು 80% ಜನರಿಗೆ ತಗುಲಿ ರೋಗ ತಾನಾಗೇ ಆರುತ್ತದೆ. ನಿಮ್ಮ ಶೀಟ್ 400ಕ್ಕೆ 400 ತೋರಿಸಿದರೆ ಬಹುಶಃ ಎಸ್ ಕಡಿಮೆಯಾಗುತ್ತಿರುವುದನ್ನು ಸೂತ್ರ ಓದುತ್ತಲೇ ಇಲ್ಲ.

"1.559 ಜನ ಅಂದರೇನು?" ಎಂದು ಕೇಳುವವರು ಇರುತ್ತಾರೆ. ಒಳ್ಳೆಯ ಪ್ರಶ್ನೆಯೇ. ಈ ಶೀಟ್ ಸರಾಸರಿಯ ಲೆಕ್ಕ. ಒಬ್ಬರಿಂದಲೇ ಶುರುವಾದರೆ, ಆರ್-ನಾಟ್ 2 ಇದ್ದರೂ ಸುಮಾರು ಅರ್ಧದಷ್ಟು ಸಲ ರೋಗ ಹಬ್ಬದೆ ಅಲ್ಲೇ ನಂದಿಹೋಗುತ್ತದೆ. ಆ ಒಬ್ಬ ಹುಡುಗ ಮೊದಲ ದಿನವೇ ಬಸ್ಸು ಹತ್ತಿ ಊರಿಗೆ ಹೋದರೆ ಮುಗಿಯಿತು. ಸರಾಸರಿ ಶೀಟ್‌ಗೆ ಇದು ಗೊತ್ತಿಲ್ಲ. ಹಾಗಾಗಿ ಐ ಎರಡಂಕಿ ಮುಟ್ಟುವವರೆಗೆ ಅದರ ಮಾತನ್ನು ಪೂರ್ತಿ ನಂಬಬೇಡಿ.

ಹಂತ 5: ಕೇಸು ಹಾಕುವ ಮುಂಚೆ ಐದು ಪರೀಕ್ಷೆ

ಬಹುತೇಕರು ಹಾರಿಸುವ ಹಂತ ಇದೇ. ಅರ್ಧ ಗಂಟೆಯ ಕೆಲಸ.

ಒಂದು, ಮೊತ್ತ. ಪ್ರತಿ ಸಾಲಿನಲ್ಲೂ ಮೂರು ಪೆಟ್ಟಿಗೆ ಕೂಡಿದರೆ 400 ಬರಬೇಕು. ಅದಕ್ಕೇ ಏಳನೇ ಕಾಲಂ ಮಾಡಿಡಿ. ಜನ ಸೋರುತ್ತಿದ್ದರೆ ಯಾವುದೋ ಬಾಣ ಒಂದು ತುದಿಯಲ್ಲಿ ಮಾತ್ರ ಇದೆ.

ಎರಡು, ಬೀಟಾ ಸೊನ್ನೆ ಮಾಡಿ. ಐ ಪ್ರತಿ ದಿನ ಕಾಲು ಭಾಗ ಇಳಿಯಬೇಕು: 1, 0.75, 0.5625. ಎಸ್ ಕದಲಬಾರದು.

ಮೂರು, ಬೀಟಾ 0.2 ಮಾಡಿ. ಆರ್-ನಾಟ್ 0.8 ಆಗುತ್ತದೆ. ಐ ಮೊದಲ ದಿನದಿಂದಲೇ ಇಳಿಯಬೇಕು. ಒಂದು ದಿನವಾದರೂ ಏರಿದರೆ ತಪ್ಪಿದೆ.

ನಾಲ್ಕು, ಗುಂಪು ದುಪ್ಪಟ್ಟು. ಎನ್ 800, ಎಸ್ 798, ಐ 2 ಮಾಡಿ. ದಿನ ಬಿಟ್ಟು ಎಲ್ಲ ಕಾಲಂ ಸರಿಯಾಗಿ ಎರಡರಷ್ಟಾಗಬೇಕು, ಶಿಖರ (ಐ ಗರಿಷ್ಠ ಮುಟ್ಟುವುದು) ಮಾತ್ರ ಅದೇ ದಿನ ಬರಬೇಕು. ಎನ್‌ನಿಂದ ಭಾಗಿಸಲು ಮರೆತವರು ಇಲ್ಲಿ ಸಿಕ್ಕಿಬೀಳುತ್ತಾರೆ. ಅವರ ಶೀಟ್‌ನಲ್ಲಿ ದಿನ 1ಕ್ಕೇ ಉಳಿದ 798 ಜನರಿಗೂ ತಗುಲಿ, ಎಸ್ ಸೊನ್ನೆ ಆಗಿರುತ್ತದೆ.

ಐದು, ಹೆಜ್ಜೆ ಅರ್ಧ ಮಾಡಿ. 1ರ ಬದಲು 0.5 ಹಾಕಿ, ಸಾಲು ದುಪ್ಪಟ್ಟು ಎಳೆಯಿರಿ. ಶಿಖರ ಸ್ವಲ್ಪ ಮಾತ್ರ ಬದಲಾಗಬೇಕು. ತುಂಬಾ ಬದಲಾದರೆ ಹೆಜ್ಜೆ ದೊಡ್ಡದಾಯಿತು. ಬದಲಾವಣೆ ಲೆಕ್ಕಕ್ಕಿಲ್ಲ ಅನ್ನುವಷ್ಟು ಆಗುವ ತನಕ ಸಣ್ಣದು ಮಾಡುತ್ತಾ ಹೋಗಿ.

ಐದರಲ್ಲಿ ನಾಲ್ಕು ಪಾಸಾಯಿತು, ಮುಂದೆ ನೋಡೋಣ ಅನ್ನುವ ಮಾತು ಬೇಡ.

ಹಂತ 6: ಈಗ ಕೇಸುಗಳನ್ನು ತನ್ನಿ

ಮೊದಲು ದಿನಾಂಕ ನೋಡಿ. ಪಟ್ಟಿಯಲ್ಲಿರುವುದು ಜ್ವರ ಶುರುವಾದ ದಿನವೋ, ಆಸ್ಪತ್ರೆಗೆ ಬಂದ ದಿನವೋ, ವರದಿ ಕಂಪ್ಯೂಟರ್‌ಗೆ ಏರಿದ ದಿನವೋ? ಮೂರೂ ಬೇರೆ ಬೇರೆ. ಭಾನುವಾರ ಕೇಸು ಬಿದ್ದು ಸೋಮವಾರ ಜಿಗಿಯುತ್ತಿದ್ದರೆ ಅದು ಓಪಿಡಿಯ ರಜೆ, ರೋಗದ ಗುಣ ಅಲ್ಲ. ಪಟ್ಟಿಯ ಕೊನೆಯ ಕೆಲವು ದಿನ ಯಾವಾಗಲೂ ಇಳಿದಂತೆ ಕಾಣುತ್ತದೆ, ಏಕೆಂದರೆ ಆ ವರದಿಗಳು ಇನ್ನೂ ದಾರಿಯಲ್ಲಿರುತ್ತವೆ. ಅದನ್ನು ನೋಡಿ "ರೋಗ ಇಳಿಯಿತು" ಎಂದು ಬರೆಯಬೇಡಿ.

ಎರಡನೆಯದು ಇದಕ್ಕಿಂತ ದೊಡ್ಡದು. ಪಟ್ಟಿಯಲ್ಲಿರುವುದು ಹೊಸ ಕೇಸು. ಅದನ್ನು ಐ ಕಾಲಂ ಜೊತೆ ಹೋಲಿಸಬಾರದು. ಐ ಅಂದರೆ ಆ ದಿನ ಒಟ್ಟು ಸೋಂಕಿತರು, ಮೊನ್ನೆ ಬಂದವರೂ ಸೇರಿ. ಹೊಸ ಕೇಸನ್ನು "ಹೊಸ ಸೋಂಕು" ಕಾಲಂ ಜೊತೆ ಹೋಲಿಸಿ. ಅದರಲ್ಲೂ ಒಂದು ಪಾಲು ಮಾತ್ರ ಪಟ್ಟಿಗೆ ಬಂದಿರುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ತಗೊಂಡು ಸುಮ್ನೆ ಮಲಗಿದವರ ಲೆಕ್ಕ ಯಾವ ರಿಜಿಸ್ಟರ್‌ನಲ್ಲೂ ಇಲ್ಲ. ಹಾಗಾಗಿ ವರದಿಯ ಪಾಲು ಅಂತ ಇನ್ನೊಂದು ಕೋಣೆ ಮಾಡಿ, ಹೊಸ ಸೋಂಕನ್ನು ಅದರಿಂದ ಗುಣಿಸಿ.

ಮೂರನೆಯದನ್ನು ಸ್ವಲ್ಪ ನಿಧಾನವಾಗಿ ಓದಿ. ಶುರುವಿನ ಏರಿಕೆಯಿಂದ ಬೀಟಾ ಮತ್ತು ಗಾಮಾ ಎರಡನ್ನೂ ಬೇರೆ ಬೇರೆಯಾಗಿ ತಿಳಿಯಲು ಆಗುವುದಿಲ್ಲ. ಏರಿಕೆ ಹೇಳುವುದು ಅವುಗಳ ವ್ಯತ್ಯಾಸವನ್ನು ಮಾತ್ರ. ನಮ್ಮ ಉದಾಹರಣೆಯಲ್ಲಿ ಅದು 0.5 − 0.25 = 0.25. ಹರಡುವ ಅವಧಿ 10 ದಿನ ಎಂದುಕೊಂಡು ಗಾಮಾ 0.1, ಬೀಟಾ 0.35 ಹಾಕಿ ನೋಡಿ. ವ್ಯತ್ಯಾಸ ಅದೇ 0.25. ಶುರುವಿನ ಗೆರೆ ಹೆಚ್ಚು ಕಡಿಮೆ ಒಂದೇ ಥರ ಏರುತ್ತದೆ. ಆದರೆ ಆರ್-ನಾಟ್ 2 ಇದ್ದದ್ದು 3.5 ಆಯಿತು! ಗೆರೆ ಕೂತಿದ್ದು ಎರಡರಲ್ಲೂ. ಆದ್ದರಿಂದ ಗಾಮಾವನ್ನು ರೋಗದ ಬಗ್ಗೆ ಗೊತ್ತಿರುವ ವೈದ್ಯಕೀಯ ಮಾಹಿತಿಯಿಂದ ತಂದು ಕಟ್ಟಿಹಾಕಿ. ಬೀಟಾವನ್ನು ಮಾತ್ರ ಕೇಸುಗಳಿಗೆ ಹೊಂದಿಸಿ. ಮೂರು ನಾಲ್ಕು ಅಂಕಿಗಳನ್ನು ಒಟ್ಟಿಗೆ ಅಲ್ಲಾಡಿಸಿದರೆ ಯಾವ ಗೆರೆಯನ್ನಾದರೂ ಕೂರಿಸಬಹುದು. ಅದಕ್ಕೆ ಬೆಲೆಯಿಲ್ಲ.

ಊರಿನ ದಿನಗಳು ಒಂದೇ ಥರ ಇರುವುದಿಲ್ಲ. ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿ ತೇರು, ಶಾಲೆಯ ರಜೆ, ಇವೆಲ್ಲ ಜನ ಬೆರೆಯುವುದನ್ನು ಬದಲಿಸುತ್ತವೆ. ಇದಕ್ಕಾಗಿ ಬೀಟಾವನ್ನು ಒಂದು ಕೋಣೆಯ ಬದಲು ಒಂದು ಕಾಲಂ ಮಾಡಿ, ಆಯಾ ದಿನಗಳಿಗೆ ಮಾತ್ರ ಬೇರೆ ಬೆಲೆ ಹಾಕಿ. ಜಾತ್ರೆ ಇದೆ ಅಂತ ಇಡೀ ತಿಂಗಳ ಬೀಟಾ ಏರಿಸಬೇಡಿ.

ಹಂತ 7: ಕುರಿಗೆ ಬದಲಿಸುವುದು

ಚಳ್ಳಕೆರೆ, ಹಿರಿಯೂರು ಕಡೆಯ ಕುರಿ ಮಂದೆಗೆ ಪಿಪಿಆರ್ (ಕುರಿ, ಮೇಕೆಗಳಿಗೆ ಬರುವ ವೈರಸ್ ರೋಗ) ಮಾದರಿ ಬೇಕು ಎಂದುಕೊಳ್ಳಿ. ಶೀಟ್ ಅದೇ, ಮೂರು ಬದಲಾವಣೆ.

ಎನ್ ಅಂದರೆ ತಾಲ್ಲೂಕಿನ ಒಟ್ಟು ಕುರಿ ಎಂದು ಹಾಕಬೇಡಿ. ಒಂದೇ ರೊಪ್ಪದಲ್ಲಿ ರಾತ್ರಿ ಕಳೆಯುವ ಮಂದೆ ಒಂದು ಗುಂಪು. ಮಂದೆಯಿಂದ ಮಂದೆಗೆ ದಾಟುವುದು ಸಂತೆಯಲ್ಲಿ, ಮೇವು ಹುಡುಕಿ ವಲಸೆ ಹೋಗುವಾಗ, ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸಿದಾಗ. ಅದಕ್ಕೆ ಎರಡನೇ, ತುಂಬಾ ಸಣ್ಣ ಬೀಟಾ ಬೇಕು.

ಸತ್ತ ಕುರಿಗೆ ಬೇರೆ ಪೆಟ್ಟಿಗೆ ಮಾಡಿ. ಅವನ್ನು ಮುಗಿದವರ ಜೊತೆ ಸೇರಿಸಿದರೆ ಬದುಕಿ ಉಳಿದು ರೋಗ ತಡೆಯುವ ಕುರಿಗಳ ಲೆಕ್ಕ ತಪ್ಪುತ್ತದೆ. ಎನ್ ಕೂಡ ಬದುಕಿರುವ ಕುರಿಗಳದ್ದೇ ಆಗಬೇಕು.

ಮರಿ ಹುಟ್ಟುತ್ತವೆ, ಹಾಗಾಗಿ ಎಸ್ ಮತ್ತೆ ತುಂಬುತ್ತದೆ. ಲಸಿಕೆಯ ಲೆಕ್ಕದಲ್ಲಿ ಇದನ್ನೇ ಮರೆಯುವುದು. ಆರ್-ನಾಟ್ 4 ಎಂದು ಇಟ್ಟುಕೊಂಡರೆ 1 − 1 ÷ 4, ಅಂದರೆ 75% ಕುರಿಗಳಿಗೆ ನಿಜವಾದ ರಕ್ಷಣೆ ಬೇಕು. ಲಸಿಕೆ 90% ಕುರಿಗಳಲ್ಲಿ ಕೆಲಸ ಮಾಡಿದರೆ, ಹಾಕಬೇಕಾದದ್ದು 75 ÷ 0.9, ಸುಮಾರು 83%. ಈ ವರ್ಷ 83% ಮುಟ್ಟಿದರೂ ಮುಂದಿನ ಸಲ ಮರಿ ಹಾಕಿದ ಮೇಲೆ ಆ ಪಾಲು ತಾನಾಗೇ ಇಳಿದಿರುತ್ತದೆ.

ದನಗಳ ಚರ್ಮಗಂಟು ರೋಗಕ್ಕೆ ಈ ಶೀಟ್ ಬೇಡ. ಅದನ್ನು ಮುಖ್ಯವಾಗಿ ಕಚ್ಚುವ ನೊಣ, ಸೊಳ್ಳೆ, ಉಣ್ಣೆ ಹರಡುವುದರಿಂದ ಡೆಂಗಿಯ ಹಾಗೆ ಕೀಟಗಳನ್ನೂ ಲೆಕ್ಕಕ್ಕೆ ತರಬೇಕಾಗುತ್ತದೆ.

ಹಂತ 8: ಬೆಳೆಗೆ ಬದಲಿಸುವುದು

ಬೆಂಕಿ ರೋಗ ತಗುಲಿ ಸುಟ್ಟಂತಾದ ಭತ್ತದ ಎಲೆ ಗುಣವಾಗುವುದಿಲ್ಲ. ಆರ್ ಪೆಟ್ಟಿಗೆ ಕಿತ್ತುಹಾಕಿ. ಉಳಿಯುವುದು ಒಂದೇ ಅಂಕಿ: ರೋಗ ತಗುಲಿದ ಪಾಲು.

ಹರಿಹರದ ಕಡೆ ಭದ್ರಾ ನಾಲೆಯ ಒಂದು ಗದ್ದೆಯಲ್ಲಿ ಇವತ್ತು 5% ಎಲೆಭಾಗಕ್ಕೆ ರೋಗ, 14 ದಿನದ ನಂತರ 20% ಎಂದುಕೊಳ್ಳಿ. ಇನ್ನು 14 ದಿನಕ್ಕೆ ಎಷ್ಟು? "ಹದಿನೈದು ಏರಿತ್ತು, ಇನ್ನು ಹದಿನೈದು, 35%" ಎನ್ನುವವರಿದ್ದಾರೆ. "ನಾಲ್ಕರಷ್ಟಾಯಿತು, ಇನ್ನು ನಾಲ್ಕರಷ್ಟು, 80%" ಎನ್ನುವವರೂ ಇದ್ದಾರೆ. ಸರಿಯಾದ ದಾರಿ: ರೋಗದ ಪಾಲನ್ನು ಆರೋಗ್ಯವಾಗಿರುವ ಪಾಲಿನಿಂದ ಭಾಗಿಸಿ, ಸಹಜ ಲಾಗ್ (ಶೀಟ್‌ನ LN ಸೂತ್ರ) ತೆಗೆಯಿರಿ. 5 ÷ 95ರ ಲಾಗ್ −2.944. 20 ÷ 80ರ ಲಾಗ್ −1.386. ವ್ಯತ್ಯಾಸ 1.558, ದಿನಕ್ಕೆ ಸುಮಾರು 0.11. ಇನ್ನು 14 ದಿನಕ್ಕೆ ಮತ್ತೆ 1.558 ಕೂಡಿಸಿದರೆ 0.172. ಇದನ್ನು ತಿರುಗಿಸಿ: EXP ಸೂತ್ರ ಹಾಕಿದರೆ 1.188, ಅದನ್ನು 1 + 1.188ರಿಂದ ಭಾಗಿಸಿದರೆ ಸುಮಾರು 54%.

ಇದು ಹವಾಮಾನ ಹಾಗೇ ಇದ್ದರೆ ಮಾತ್ರ. ಚನ್ನಗಿರಿಯ ಅಡಿಕೆಗೆ ಕೊಳೆರೋಗದ ವೇಗ ಮಳೆಯ ಮೇಲೆ ನಿಂತಿದೆ. ಮಳೆ ಬಿಟ್ಟರೆ ಹಳೆಯ ವೇಗದ ಅಂಕಿ ಕೆಲಸಕ್ಕೆ ಬಾರದು. ಹೊಸದುರ್ಗ, ಹಿರಿಯೂರಿನ ದಾಳಿಂಬೆಯ ದುಂಡಾಣು ಅಂಗಮಾರಿಯಲ್ಲಿ ಮಳೆಹನಿಯ ಜೊತೆ ಚಾಟನಿ ಕತ್ತರಿಯೂ ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ಆದ್ದರಿಂದ ಚಾಟನಿಯ ವಾರದ ಲೆಕ್ಕವನ್ನು ಬೇರೆ ಮಾಡಿ. ಅಳತೆ ಮಾಡುವವರು ಪ್ರತಿ ಸಲ ಅದೇ ಗುರುತು ಹಾಕಿದ ಗಿಡಗಳನ್ನೇ ನೋಡಬೇಕು. ಕಣ್ಣಿಗೆ ಬಿದ್ದ ಕೆಟ್ಟ ಗಿಡವನ್ನು ಎಣಿಸುತ್ತಾ ಹೋದರೆ ಪಾಲು ಯಾವಾಗಲೂ ಜಾಸ್ತಿ ಬರುತ್ತದೆ.

ಹಂತ 9: ಉತ್ತರವನ್ನು ಒಪ್ಪಿಸುವುದು

ಒಂದೇ ಅಂಕಿ ಕೊಡಬೇಡಿ. ಹರಡುವ ಅವಧಿ 3, 4, 6 ದಿನ, ಬೀಟಾ ಸ್ವಲ್ಪ ಕಡಿಮೆ, ಸ್ವಲ್ಪ ಜಾಸ್ತಿ, ಹೀಗೆ ಒಂದೊಂದಾಗಿ ಬದಲಿಸಿ ಓಡಿಸಿ. ಯಾವ ಅಂಕಿ ಬದಲಿಸಿದಾಗ ಮಂಚದ ಲೆಕ್ಕ ಹೆಚ್ಚು ಅಲ್ಲಾಡುತ್ತದೋ ಅದನ್ನು ಮೊದಲು ಬರೆಯಿರಿ. ವಾರ್ಡನ್‌ಗಾಗಲಿ, ತಾಲ್ಲೂಕು ಆರೋಗ್ಯಾಧಿಕಾರಿಗಾಗಲಿ, ಪಶುವೈದ್ಯರಿಗಾಗಲಿ ಒಂದು ಪುಟ ಸಾಕು: ಪ್ರಶ್ನೆ, ಪೆಟ್ಟಿಗೆಯ ಚಿತ್ರ, ಎಲ್ಲೆಲ್ಲಿ ಊಹಿಸಿದ್ದೀರಿ, ಕನಿಷ್ಠ ಮತ್ತು ಗರಿಷ್ಠ ಉತ್ತರ. ಶಿಖರದ ದಿನಾಂಕವನ್ನು ಖಚಿತವಾಗಿ ಬರೆಯಬೇಡಿ. ಮೊದಲ ಕೇಸು ಎರಡು ದಿನ ತಡವಾಗಿ ಗೊತ್ತಾಗಿದ್ದರೂ ಅದು ಜಾರುತ್ತದೆ.

ಪುಟದ ಕೆಳಗೆ ಮುಂದಿನ ವಾರ ಎಷ್ಟು ಹೊಸ ಕೇಸು ಬರಬಹುದು ಎನ್ನುವ ವ್ಯಾಪ್ತಿಯನ್ನು ಇವತ್ತಿನ ದಿನಾಂಕ ಹಾಕಿ ಬರೆದಿಡಿ. ವಾರ ಕಳೆದ ಮೇಲೆ ನಿಜವಾದ ಅಂಕಿ ಅದರ ಹೊರಗೆ ಬಿದ್ದರೆ ಬೀಟಾ ತಿದ್ದುವ ಮುಂಚೆ ಎರಡನೇ ಹಂತದ ಚಿತ್ರಕ್ಕೆ ವಾಪಸ್ ಹೋಗಿ.